ಒಳಚಿಲಕ

ನಮ್ಮ ಮನೆಯ ನಕ್ಷೆಯನ್ನು ಅಪ್ಪ ಮೊದಲು ಬರೆದದ್ದು ಕಾಗದದ ಮೇಲಲ್ಲ, ನೆಲದ ಮೇಲೆ. ಮಸಿಯಿಂದಲ್ಲ, ಒಲೆಯ ಬೂದಿಯಿಂದ. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಜರಡಿ ಹಿಡಿದುಕೊಟ್ಟ ಬೂದಿಯನ್ನು ತಗಡಿನ ಡಬ್ಬದಲ್ಲಿ ತುಂಬಿಕೊಂಡು, ಬಾಡಿಗೆ ಮನೆಗೆ ಬೀಗ ಹಾಕಿ, ನಮ್ಮನ್ನೆಲ್ಲ ಕರೆದುಕೊಂಡು ಅವರು ಹೊಸ ನಿವೇಶನಕ್ಕೆ ಹೊರಟರು. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಕ್ಕೆ, ಲಂಟಾನದ ಪೊದೆ ಕಡಿದು ಹಸನು ಮಾಡಿದ್ದ ಪುಟ್ಟ ಜಾಗ ಅದು. ಗೋಪಾಲಸ್ವಾಮಿ ಬೆಟ್ಟ ಆ ಹೊತ್ತಿಗೆ ಮಂಜಿನಲ್ಲಿ ತಲೆ ಮರೆಸಿಕೊಂಡಿತ್ತು. ಐವತ್ತರ ದಶಕದ ನಡುವಿನ ಮಾತು. ನಾನಾಗ ಲಂಗ ಬಿಟ್ಟು ಸೀರೆ ಉಡಲು ಆರಂಭಿಸಿದ್ದ ಹುಡುಗಿ.

ಅದಕ್ಕೆ ಮೊದಲು ನಾವು ಇದ್ದದ್ದು ಉಡಿಗಾಲದ ತೊಟ್ಟಿಮನೆಯಲ್ಲಿ. ಅಪ್ಪ ಮತ್ತು ದೊಡ್ಡಪ್ಪ ಹಿಸ್ಸೆಯಾದಾಗ ಆ ಮನೆ ದೊಡ್ಡಪ್ಪನ ಪಾಲಿಗೆ ಉಳಿಯಿತು. ಹೊಲ ಉಳುವ ವಂಶದಲ್ಲಿ ಮೊದಲ ಬಾರಿಗೆ ಸಂಬಳಕ್ಕೆ ಸೇರಿದ್ದ ಅಪ್ಪ ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರಿಂದ ಇಲ್ಲಿಗೆ ಬಂದೆವು. ಬಂದವರು ಅಪ್ಪ, ಅಮ್ಮ, ನಾನು ಮತ್ತು ಪುಟ್ಟಮ್ಮತ್ತೆ. ನನ್ನ ಅಕ್ಕ ಗೌರಿ ಆಗಷ್ಟೇ ಹರವೆಗೆ ಸೊಸೆಯಾಗಿ ಹೋಗಿದ್ದಳು.

ಪುಟ್ಟಮ್ಮತ್ತೆ ಅಪ್ಪನ ಅಕ್ಕ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ತಾಯಿಯಿಲ್ಲದ ತಮ್ಮನನ್ನು, ಎಂದರೆ ನಮ್ಮ ಅಪ್ಪನನ್ನು, ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅವರೇ. ಉಡಿಗಾಲದ ಮನೆಯಲ್ಲಿ ಅವರು ಮಲಗುತ್ತಿದ್ದದ್ದು ನಡುಮನೆಯಲ್ಲಿ, ರಾಗಿಯ ಕಣಜದ ಬದಿಗೆ. ಎಲ್ಲರೂ ಮಲಗಿದ ಮೇಲೆ ಹಾಸಿ, ಎಲ್ಲರೂ ಏಳುವ ಮುಂಚೆ ಸುತ್ತಿಡುತ್ತಿದ್ದ ಚಾಪೆಯೊಂದೇ ಅವರ ಠಾವು. ನಾವು ಮಕ್ಕಳು ಆ ಚಾಪೆ ಬಿಚ್ಚಿದ್ದನ್ನು ಕಂಡದ್ದೇ ಕಡಿಮೆ.

ಕನ್ನಡದಲ್ಲಿ ಒಂದು ಸೊಗಸಿದೆ, ನೀವೂ ಗಮನಿಸಿರಬಹುದು. ನಮ್ಮಲ್ಲಿ ಮನೆಯೊಳಗಿನ ಒಂದೊಂದು ಭಾಗವೂ ತಾನೇ ಒಂದು ಮನೆ. ಒಲೆಯಿರುವುದು ಅಡುಗೆಮನೆ, ದೀಪವಿರುವುದು ದೇವರಮನೆ, ನೀರು ಕಾಯುವುದು ಬಚ್ಚಲುಮನೆ, ನಡುವೆ ಇರುವುದು ನಡುಮನೆ. ಬೆಂಕಿಗೊಂದು ಮನೆ, ದೇವರಿಗೊಂದು ಮನೆ, ನೀರಿಗೊಂದು ಮನೆ ಇದ್ದ ಆ ದೊಡ್ಡ ಮನೆಯಲ್ಲಿ ಪುಟ್ಟಮ್ಮತ್ತೆಗೆ ಮಾತ್ರ ಮನೆ ಇರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಹೊಳೆದದ್ದು ಅಮ್ಮನಿಗೆ.

ಅಮ್ಮನಿಗೆ ಹೊಳೆಯಿತೆಂಬುದೇ ಆಶ್ಚರ್ಯ. ಏಕೆಂದರೆ ಅಮ್ಮನಿಗೂ ಅತ್ತೆಗೂ ಆಗಿಬರುತ್ತಿರಲಿಲ್ಲ. ಸಾರಿಗೆ ಹುಳಿ ಹೆಚ್ಚಾಯಿತೆಂದೋ, ಮಜ್ಜಿಗೆಯನ್ನು ಯಾರಿಗೋ ಕೇಳದೆ ಕೊಟ್ಟರೆಂದೋ ಶುರುವಾದ ಮಾತು, ಇಬ್ಬರೂ ಮಾತು ಬಿಡುವವರೆಗೆ ಬೆಳೆಯುತ್ತಿತ್ತು. ಆಮೇಲೆ ಒಂದೇ ಒಲೆಯ ಎರಡು ಬದಿಗೆ ಕೂತು, ನನ್ನನ್ನು ನಡುವೆ ಇಟ್ಟುಕೊಂಡು, "ನಿಮ್ಮತ್ತೆಗೆ ಯೋಳು, ಉಪ್ಪು ಆಕಿದೀನಿ ಅಂತ," "ನಿಮ್ಮವ್ವುಂಗೆ ಯೋಳು, ನಾನೂ ಆಕ್ಬುಟ್ಟೆ ಅಂತ," ಎಂದು ಸಂದೇಶ ಕಳಿಸುತ್ತಿದ್ದರು. ಆ ದಿನ ಸಾರು ಸಮುದ್ರವಾಗುತ್ತಿತ್ತು.

ಅಪ್ಪ ಆ ಭಾನುವಾರ ಬಹಳ ಹುರುಪಿನಲ್ಲಿದ್ದರು. ಹಗ್ಗ ಎಳೆದು, ಗೂಟ ನೆಟ್ಟು, ಬೂದಿಯ ಗೆರೆ ಹಾಕುತ್ತ, "ಇದು ಜಗಲಿ, ಇದು ಮುಂದ್ಲ ರೂಮು, ಇದು ನಡುಮನೆ, ಇತ್ತಗೆ ನಮ್ಮ ಕ್ವಾಣೆ, ಇಂದ್ಗಡೆ ಅಡುಗೆಮನೆ," ಎಂದು ನಡೆದು ನಡೆದು ತೋರಿಸಿದರು. ಮುಂದಿನ ಕೋಣೆಯ ಬಗ್ಗೆ ಅವರಿಗೆ ವಿಶೇಷ ಮೋಹ. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೊಂದು ಗಡಿಯಾರ. ಕಚೇರಿಯ ಸಾಹೇಬರು ಎಂದಾದರೂ ಈ ಕಡೆ ಬಂದರೆ ಅವರನ್ನು ಚಾಪೆಯ ಮೇಲೆ ಕೂರಿಸುವ ಸಂಕೋಚವಿಲ್ಲ. ಹೊಲಗದ್ದೆಯ ಮನೆಯಿಂದ ಬಂದವನು ಕುರ್ಚಿಯ ಮನೆ ಕಟ್ಟಿದನೆಂದು ಉಡಿಗಾಲದವರು ಬಂದು ನೋಡಬೇಕು. ಈಗ ಯೋಚಿಸಿದರೆ ಅದು ಬರಿಯ ಜಂಬವೆನ್ನಿಸುವುದಿಲ್ಲ. ಪಾಲಾದ ಮನೆಯಿಂದ ಹೊರಬಿದ್ದವನಿಗೆ ತಾನು ಹೊರಬಿದ್ದವನಲ್ಲ, ಹೊರಟುಬಂದವನು ಎಂದು ತೋರಿಸಿಕೊಳ್ಳುವ ಆಸೆ ಇರುವುದು ಸಹಜ.

ನಾನು ನಡುಮನೆಯಲ್ಲಿ ನಿಂತೆ. ಅಮ್ಮ ಅಡುಗೆಮನೆಯ ಗೆರೆಯೊಳಗೆ ನಿಂತು, ಒಲೆ ಎಲ್ಲಿ, ಬೆಳಕಿಂಡಿ ಎಲ್ಲಿ ಎಂದು ಕಣ್ಣಲ್ಲೇ ಅಳೆಯುತ್ತಿದ್ದಳು. ಅತ್ತೆ ಮಾತ್ರ ಗೆರೆಗಳ ಆಚೆ, ನಿವೇಶನದ ಅಂಚಿನಲ್ಲಿ, ಬುತ್ತಿಯ ಗಂಟು ಹಿಡಿದುಕೊಂಡು ನಿಂತಿದ್ದರು.

"ಬಾರಕ್ಕ ಒಳೀಕೆ. ನೀನು ನಡುಮನೇಲಿ ಮಲಗಿದ್ರಾಯ್ತು, ಅಲ್ವಾ?" ಎಂದರು ಅಪ್ಪ.

"ನಂಗೇನ್ಲಾ ಸಿದ್ದ. ಒಂದು ಚಾಪೆ ಆಸೋಷ್ಟು ಜಾಗ ಎಲ್ಲಾದ್ರೂ ಇರ್ತದೆ ಬುಡು," ಎಂದರು ಅತ್ತೆ.

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಬಾಗಿಲಿಗೆಂದು ಬಿಟ್ಟಿದ್ದ ಸಂದಿನಲ್ಲೇ ಬಂದಳು, ಗೆರೆ ದಾಟಲಿಲ್ಲ. ಮುಂದಿನ ಕೋಣೆಯ ಹತ್ತಿರ ನಿಂತು, ಗಂಡನ ಮುಖ ನೋಡದೆ, "ಈ ರೂಮು ಬ್ಯಾಡ. ಎಲ್ಲಾನೂ ವಸಿ ಮುಂದ್ಕೆ ತಂದ್ರೆ, ಇಂದ್ಗಡೆ ಅಡುಗೆಮನೆ ಪಕ್ಕದಲ್ಲಿ ಒಂದು ಕ್ವಾಣೆ ಆಯ್ತದೆ. ಅದು ಅಕ್ಕುಂಗಿರಲಿ," ಎಂದಳು.

ಅಪ್ಪ ಡಬ್ಬ ಕೆಳಗಿಟ್ಟರು. "ಮತ್ತೆ ಬಂದೋರು ಎಲ್ಲಿ ಕೂತ್ಕಬೇಕು?"

"ಜಗಲಿ ಮ್ಯಾಲೆ. ಬಂದೋರು ಎದ್ದೋಯ್ತಾರೆ. ಇರೋರು ನಾವು."

ಅಪ್ಪನ ಮುಖ ಗಂಟಿಕ್ಕಿತು. ದನಿ ತಗ್ಗಿಸಿ ಕೇಳಿದರು, "ನಮ್ಮಕ್ಕನ ಒಂದ್ ಮೂಲೆಗೆ ತಳ್ಬೇಕು ಅಂತ್ಲಾ ನಿಂದು?"

ಅಮ್ಮ ಆಗ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಮ್ಮಿಬ್ರಿಗೂ ಜಗಳ ಆಗೋದು ನಿಮಗೂ ಗೊತ್ತು. ಆದ್ ದಿನ ನಾನು ನಮ್ ಕ್ವಾಣೆಗೋಗಿ ಬಾಗ್ಲಾಕ್ಕಂಡು ಅಳ್ತೀನಿ. ಅವರು ಎಲ್ಲಿಗೋಗ್ಬೇಕು?"

ರಸ್ತೆಯಲ್ಲಿ ಒಂದು ಲಾರಿ ಏದುತ್ತ ಹೋಯಿತು. ಅತ್ತೆ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ನಂಗ್ಯಾವ ಅಳೂನೂ ಇಲ್ಲ," ಎಂದು ಹೇಳಿ, ನಮ್ಮೆಲ್ಲರಿಗಿಂತ ಮುಂದಾಗಿ ಬಾಡಿಗೆ ಮನೆಯ ಕಡೆಗೆ ನಡೆದುಬಿಟ್ಟರು. ಆ ದಿನ ತಂದ ಬುತ್ತಿಯನ್ನು ನಾವು ಮನೆಯಲ್ಲೇ ಬಿಚ್ಚಿ ಉಂಡೆವು.

ಅಪ್ಪ ಕೆಲವು ದಿನ ಮನೆಯ ಸುದ್ದಿಯೇ ಎತ್ತಲಿಲ್ಲ. ಅಷ್ಟರಲ್ಲಿ ಒಂದು ಮಳೆ ಬಂದು ಬೂದಿಯ ಮನೆಯನ್ನು ಬಾಗಿಲು, ಕಿಟಕಿ, ಕುರ್ಚಿಗಳ ಸಮೇತ ತೊಳೆದುಕೊಂಡು ಹೋಯಿತು. ಇನ್ನೊಂದು ಭಾನುವಾರ ಅವರೊಬ್ಬರೇ ಹಗ್ಗ ಹಿಡಿದು ಹೋದರು. ಮರಳಿ ಬಂದು ಅಮ್ಮನಿಗೆ, "ಜಗಲಿ ಅಗಲ ಮಾಡಿಸ್ಬುಡನ. ಕುರ್ಚಿನೂ ಅಲ್ಲೇ ಆಕೋದು," ಎಂದರು. ಅದೇ ಒಪ್ಪಿಗೆ. ಪಾಯ ತೋಡಿದಾಗ ನೋಡಿದರೆ, ಅಡುಗೆಮನೆಯ ಪಕ್ಕ, ಹಿತ್ತಲಿಗೆ ಕಿಟಕಿಯಿರುವ ಪುಟ್ಟ ಕೋಣೆಯೊಂದು ನಕ್ಷೆಯಲ್ಲಿ ಬಂದು ಕೂತಿತ್ತು.

ಮನೆ ಎದ್ದಿತು, ಹಂಚು ಹೊದ್ದಿತು, ಹಾಲು ಉಕ್ಕಿತು. ಆದರೆ ಅತ್ತೆ ಕೋಣೆಯನ್ನು ಒಪ್ಪಿಕೊಳ್ಳಲಿಲ್ಲ. ಮೊದಲ ವಾರದಲ್ಲೇ ಈರುಳ್ಳಿ ತಂದು ಅಲ್ಲಿ ಹರಡಿದರು, ರಾಗಿಯ ಮೂಟೆ ಎಳೆದು ತಂದು ಒರಗಿಸಿದರು, ಕುಂಬಳಕಾಯಿಗಳನ್ನು ಸಾಲಾಗಿ ಇಟ್ಟರು. ತಮ್ಮ ಚಾಪೆಯನ್ನು ಮಾತ್ರ ನಡುಮನೆಯಲ್ಲೇ ಹಾಸಿದರು. ತನ್ನದೆಂಬುದು ಯಾವುದೂ ಇಲ್ಲದೆ ಬದುಕಿ ಅಭ್ಯಾಸವಾದವರಿಗೆ ತನ್ನದೊಂದು ಸಿಕ್ಕರೆ ಸಂತೋಷಕ್ಕಿಂತ ಮೊದಲು ಅಂಜಿಕೆಯಾಗುತ್ತದೇನೋ. ಅತ್ತೆ ಇಟ್ಟ ಈರುಳ್ಳಿಯನ್ನು ಅಮ್ಮ ಅಟ್ಟಕ್ಕೇರಿಸುವಳು; ಅವರು ಮತ್ತೆ ಇಳಿಸುವರು; ಇವಳು ಮತ್ತೆ ಏರಿಸುವಳು. ಹೀಗೆ ಮಾತಿಲ್ಲದ ಒಂದು ವ್ಯಾಜ್ಯ ನಡೆದು, ಕೊನೆಗೆ ಅಮ್ಮನೇ ಗೆದ್ದಳು.

ಒಂದು ಮಧ್ಯಾಹ್ನ ಊಟವಾದ ಮೇಲೆ ಆ ಕೋಣೆಯ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ನನಗೆ ಗಾಬರಿ. ಹಗಲು ಹೊತ್ತಿನಲ್ಲಿ ಅತ್ತೆ ಕಣ್ಮರೆಯಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಗಿಲು ತಟ್ಟಲು ಹೋದ ನನ್ನನ್ನು ಅಮ್ಮ ಸೆರಗು ಹಿಡಿದು ಎಳೆದಳು. "ಸುಮ್ನಿರು ಕಣಮ್ಮಿ," ಎಂದಳು. ಬಿಸಿಲು ಇಳಿದ ಮೇಲೆ ಅತ್ತೆ ಹೊರಗೆ ಬಂದರು. ಅವರ ಕೆನ್ನೆಯ ಮೇಲೆ ಚಾಪೆಯ ಗೀರುಗಳು ಒತ್ತಿಕೊಂಡಿದ್ದವು. ಹಗಲಲ್ಲಿ ಮಲಗಿ ನಿದ್ದೆ ಮಾಡಿದ್ದರು. ಅಷ್ಟೇ. ನಾಚಿಕೊಂಡವರಂತೆ ನೇರ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡರು.

ಜಗಳಗಳು ನಿಂತವೆಂದು ಹೇಳಿದರೆ ಸುಳ್ಳಾದೀತು. ಆದರೆ ಅವು ಗಿಡ್ಡವಾದವು. ಮಾತು ಬಿಸಿಯೇರಿದೊಡನೆ ಇವರು ಈ ಬಾಗಿಲು ಹಾಕಿಕೊಳ್ಳುವರು, ಅವರು ಆ ಬಾಗಿಲು. ಎರಡೂ ಬಾಗಿಲು ತೆರೆಯುವ ಹೊತ್ತಿಗೆ ಕೋಪ ಆರಿರುತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಇರಲೇಬೇಕಾದವರಿಗೆ ಆಗಾಗ ಮುಖ ಮರೆಸಿಕೊಳ್ಳಲು ಒಂದು ಎಡೆ ಬೇಕು. ಗೋಡೆ ಜನರನ್ನು ಅಗಲಿಸುತ್ತದೆ ಎನ್ನುವವರು ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತವರಲ್ಲ. ಮರುವರ್ಷದ ಹೊತ್ತಿಗೆ ಅಮ್ಮನೂ ಅತ್ತೆಯೂ ಇಬ್ಬರೂ ಆ ಕೋಣೆಯೊಳಗೆ ಸೇರಿ ಚಿಲಕ ಹಾಕಿಕೊಂಡು, ಅವರೆಕಾಳು ಹಿದುಕುತ್ತ, ಯಾರದೋ ಸುದ್ದಿಗೆ ಬಾಯಿ ಮುಚ್ಚಿಕೊಂಡು ನಗುವುದು ನನಗೆ ಕೇಳಿಸುತ್ತಿತ್ತು. ಅಪ್ಪ ಜಗಲಿಯ ಕುರ್ಚಿಯಲ್ಲಿ ಕೂತು ಒಮ್ಮೊಮ್ಮೆ ತಿರುಗಿ ನೋಡುತ್ತಿದ್ದರು.

ಆಮೇಲೆ ಗೌರಕ್ಕ ಚೊಚ್ಚಲ ಬಾಣಂತನಕ್ಕೆ ಹರವೆಯಿಂದ ಬರುವುದೆಂದಾಯಿತು. ಇರುವ ಪುಟ್ಟ ಮನೆಯಲ್ಲಿ ಬಾಣಂತಿಗೆ ಒಗ್ಗುವ ಜಾಗ ಒಂದೇ: ಗಾಳಿ ಬಡಿಯದ, ಒಲೆಗೂ ಬಚ್ಚಲಿಗೂ ಹತ್ತಿರವಾದ ಆ ಕೋಣೆ. "ಅಕ್ಕನ ಚಾಪೆ ನಡುಮನೆಗೆ ತಂದಾಕು," ಎಂದು ಅಪ್ಪ ಅಮ್ಮನಿಗೆ ಸಹಜವಾಗಿ ಹೇಳಿದರು.

ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆಯೆತ್ತದೆ, "ಕ್ವಾಣೆ ನಂದಲ್ಲ. ಓಗಿ ಕೇಳಿ," ಎಂದಳು.

ಅಪ್ಪ ಹೋದರು. ಬಾಗಿಲು ಮುಚ್ಚಿತ್ತು. ತನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕನನ್ನು ಕೇಳುವುದೆಂದರೇನೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಕೇಳುವ ಮೊದಲೇ ಕೊಟ್ಟು ಮುಗಿಸುತ್ತಿದ್ದವರು ಆಕೆ. ಸ್ವಲ್ಪ ಹೊತ್ತು ನಿಂತಿದ್ದು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಅಕ್ಕ, ಗೌರಿ ಬತ್ತಾವ್ಳಲ್ಲ. ನಿನ್ ಕ್ವಾಣೆ ಕೊಡ್ತೀಯಾ ಅಂತ ಕೇಳನ ಅಂತ ಬಂದೆ."

ಒಳಗಿನಿಂದ ನಿಧಾನವಾದ ದನಿ: "ವಸಿ ಯೋಚ್ನೆ ಮಾಡಿ ನಾಳಿಕ್ಕೆ ಯೋಳ್ತೀನಿ ಕಣ್ಲಾ ಸಿದ್ದ."

ಅಪ್ಪ ಬಂದು ಜಗಲಿಯ ಮೇಲೆ ಕೂತರು. ಅರ್ಜಿ ಕೊಟ್ಟು ಅಪ್ಪಣೆಗೆ ಕಾಯುವವರಂತಿತ್ತು ಅವರ ಮುಖ. ಅಡುಗೆಮನೆಯಲ್ಲಿ ಜರಡಿಯ ಸದ್ದು ನಿಂತಿತ್ತು. ಅಮ್ಮ ಗೋಡೆಯ ಕಡೆಗೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ತೀರ್ಮಾನ ತಿಳಿಸಿದರು. ಗೌರಿ ಬರಲಿ, ಅವಳಿಗೊಂದು ಮಂಚ ಹಾಕುವುದು. ತಾನೂ ಅಲ್ಲೇ ಕೆಳಗೆ ಮಲಗುವುದು. ಮಗುವಿಗೆ ನೀರು ಹಾಕುವುದು, ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವುದು ತಾನೇ. ಬರುವವರು ಯಾರೇ ಇರಲಿ, ತಟ್ಟಿಯೇ ಬರಬೇಕು.

ಗಂಡುಮಗು ಹುಟ್ಟಿತು. ಸುದ್ದಿ ತಿಳಿದು ಅಪ್ಪ ಕಚೇರಿಯಿಂದ ಹೆಚ್ಚುಕಡಿಮೆ ಓಡಿಯೇ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಆ ಬಾಗಿಲ ಮುಂದೆ ನಿಂತು ತಟ್ಟಿದರು.

"ಯಾರು?" ಎಂದಿತು ಅತ್ತೆಯ ದನಿ.

"ನಾನು ಕಣಕ್ಕ. ಸಿದ್ದ."

"ತಡಿ. ಮಗ ಮಲಗ್ಕಂಡದೆ."

ಅಪ್ಪ ತಾವೇ ಕಟ್ಟಿಸಿದ ಮನೆಯಲ್ಲಿ, ಅಕ್ಕನ ಬಾಗಿಲಿನ ಹೊರಗೆ, ಕೈಕಟ್ಟಿಕೊಂಡು ನಿಂತು ಕಾದರು.