ಸ್ಕ್ರೀನ್ ಮೋಡಿನಲ್ಲಿ ಮಗಳ ಮುಖ

ಕೋವಿಡ್ ಕಳೆದು ಸೂರತ್ತಿನ ಜವಳಿ ಮಾರುಕಟ್ಟೆ ಮತ್ತೆ ಉಸಿರಾಡತೊಡಗಿದ ವರ್ಷ ನಾನು ಅಲ್ಲಿನ ಒಂದು ಸೀರೆ ಕ್ಯಾಟಲಾಗ್ ಸ್ಟುಡಿಯೋದಲ್ಲಿ ಹಿರಿಯ ರಿಟಚರ್, ಅಂದರೆ ಫೋಟೋ ತಿದ್ದುವವಳು. ಗಂಡನಿಗೆ ಹಜೀರಾದ ಕಾರ್ಖಾನೆಯಲ್ಲಿ ಕೆಲಸ. ಮಗಳು ಅನಘಾ ವಡೋದರಾದ ಫತೇಗಂಜಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ನಮ್ಮ ಕಸುಬಿನ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಕ್ಯಾಟಲಾಗಿನಲ್ಲಿ ಎಂಟು ಬಗೆಯ ಸೀರೆಯಲ್ಲಿ ಮಿಂಚುವ ಹುಡುಗಿ ನಿಜಕ್ಕೂ ಉಟ್ಟಿರುವುದು ಒಂದೇ ಬಿಳಿ ಸೀರೆ. ಉಳಿದದ್ದನ್ನೆಲ್ಲ ಉಡಿಸುವವರು ನಾವು. ಸೀರೆಯ ವಿನ್ಯಾಸವನ್ನು ಲೇಯರ್ ಆಗಿ, ಪಾರದರ್ಶಕ ಹಾಳೆಯಂತೆ, ಫೋಟೋದ ಮೇಲಿಟ್ಟು ಕೆಳಗಿನದರ ಜೊತೆ ಅದು ಹೇಗೆ ಬೆರೆಯಬೇಕೆಂದು ಹೇಳುತ್ತೇವೆ. ‘ಮಲ್ಟಿಪ್ಲೈ’ ಎಂದರೆ ಕೆಳಗಿನ ನೆರಳು ಮೇಲಿನ ಬಣ್ಣವನ್ನು ಗಾಢ ಮಾಡುತ್ತದೆ, ನೆರಿಗೆ ನೆರಿಗೆಯಾಗಿಯೇ ಉಳಿಯುತ್ತದೆ. ‘ಸ್ಕ್ರೀನ್’ ಇದಕ್ಕೆ ತದ್ವಿರುದ್ಧ, ಬೆಳ್ಳಗೆ ಮಾಡುವುದೊಂದೇ ಅದರ ಕೆಲಸ. ಅದನ್ನು ನಾವು ಮೈಬಣ್ಣಕ್ಕೆ ಬಳಸುತ್ತಿದ್ದೆವು. ಎಷ್ಟು ಬೆರೆಯಬೇಕೆಂಬುದು ಓಪೆಸಿಟಿಯ ಶೇಕಡಾ ಅಂಕಿ. ಯಾವ ಮಾಡೆಲ್ ಬಂದರೂ ನಮ್ಮಲ್ಲಿ ನಲವತ್ತು ವಾಡಿಕೆ. ಆ ವಾಡಿಕೆ ಹಾಕಿಕೊಟ್ಟವಳು ನಾನೇ, ಮತ್ತು ಅದರ ಬಗ್ಗೆ ಸಣ್ಣದೊಂದು ಜಂಬವೂ ಇತ್ತು.

ಒಂದು ಶನಿವಾರ ಬರಬೇಕಿದ್ದ ಮಾಡೆಲ್ ಕೈಕೊಟ್ಟಳು. ರಜೆಗೆ ಬಂದಿದ್ದ ಅನಘಾ ನನಗೆ ಊಟದ ಡಬ್ಬಿ ತಂದಿದ್ದಳು. ಎತ್ತರದ ಹುಡುಗಿ, ನಿಂತರೆ ನೆಟ್ಟಗೆ ನಿಲ್ಲುವವಳು, ನನ್ನ ಹಾಗೆಯೇ ಕಪ್ಪು. ಮಾಲೀಕರಾದ ಜಿಗ್ನೇಶ್‌ಭಾಯ್ ಅವಳನ್ನೇ ನಿಲ್ಲಲು ಕೇಳಿದರು. ಊರಿಗೆ ಹೋದಾಗಲೆಲ್ಲ ಕಡಲೆಹಿಟ್ಟು ಹಚ್ಚು ಎಂಬ ಬುದ್ಧಿವಾದ ಕೇಳಿ ಬೆಳೆದವಳು, ಅಂದು ಬಿಳಿ ಸೀರೆಯುಟ್ಟು ಕುಣಿದುಕೊಂಡೇ ಕ್ಯಾಮೆರಾದ ಮುಂದೆ ನಿಂತಳು.

“ಅಮ್ಮ, ನಾನು ಮಾಡೆಲ್! ಬಿಲೀವ್ ಆಗ್ತಿಲ್ಲ.”

ಸೋಮವಾರ ಆ ಫೋಟೋ ನನ್ನ ಕಂಪ್ಯೂಟರಿಗೆ ಬಂತು. “ವಿನುತಾಬೆನ್, ಜರಾ ಗ್ಲೋ ಆಪಜೋ,” ಎಂದರು ಜಿಗ್ನೇಶ್‌ಭಾಯ್. ಸ್ವಲ್ಪ ಹೊಳಪು ಕೊಡಿ ಎಂದಷ್ಟೇ. ನಾನು ನಲವತ್ತು ಕೊಟ್ಟೆ, ಸಾಲದು ಅನ್ನಿಸಿತು. ಊರಿನವರು ನೋಡುತ್ತಾರೆ, ನಾಳೆ ಗಂಡಿನ ಕಡೆಯವರೂ ನೋಡಬಹುದು ಎಂದುಕೊಳ್ಳುತ್ತಲೇ ಅರವತ್ತೈದಕ್ಕೆ ಏರಿಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಮಗಳಿಗೆ ಒಳ್ಳೆಯದು ಮಾಡುತ್ತಿದ್ದೇನೆಂದೇ ನಂಬಿದ್ದೆ.

ಕ್ಯಾಟಲಾಗ್ ಅಚ್ಚಾಗಿ ಅಂಗಡಿಗಳಿಗೆ ಹೋಯಿತು. ರಜೆ ಮುಗಿಸಿ ಹಾಸ್ಟೆಲಿಗೆ ಮರಳಿದ್ದ ಅನಘಾ ಮುಂದಿನ ವಾರ ವಡೋದರಾದಿಂದ ನೇರವಾಗಿ ಸ್ಟುಡಿಯೋಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದು ಕುಳಿತಳು.

“ಹಾಸ್ಟೆಲಲ್ಲಿ ತೋರಿಸಿದೆ ಅಮ್ಮ. ಯೇ ಕೌನ್ ಹೈ, ಇದು ಯಾರು ಅಂತ ಕೇಳಿದ್ರು ಫ್ರೆಂಡ್ಸು. ಫೈಲ್ ಓಪನ್ ಮಾಡು.”

ತೆರೆದೆ. ಪಕ್ಕದಲ್ಲೇ ಬೇರೊಬ್ಬ ಮಾಡೆಲಿನ ಫೈಲೂ ತೆರೆದಿತ್ತು. ಅನಘಾ ಒಂದಾದ ಮೇಲೊಂದು ಎರಡರಲ್ಲೂ ಮೈಬಣ್ಣದ ಲೇಯರನ್ನು ಒತ್ತಿ ಅಂಕಿ ನೋಡಿದಳು.

“ಅವಳಿಗೆ ನಲವತ್ತು. ನಂಗೆ ಯಾಕೆ ಅರವತ್ತೈದು?”

“ಬೆಳಕು ಸರಿ ಬೀಳ್ಲಿಲ್ಲ ಮಾರಾಯ್ತಿ. ಅದಕ್ಕೇ ಎತ್ತಿದ್ದು.”

“ಬೆಳಕು ಸರಿ ಇತ್ತು ಅಮ್ಮ. ನಾನೇ ನಿಂತಿದ್ದೆ ಅಲ್ವಾ ಅಲ್ಲಿ.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಆ ರಾತ್ರಿ ಊರಿನಿಂದ ನನ್ನ ತಂಗಿಯ ಫೋನು. ನಾನು ಕಳಿಸಿದ್ದ ಕ್ಯಾಟಲಾಗ್ ನೋಡಿ ಸಂಭ್ರಮಪಡುತ್ತಿದ್ದಳು. “ಎಂತ ಚಂದ ಬಂದಿದ್ದಾಳೆ ಅಕ್ಕ ನಮ್ಮ ಅನಘಾ! ಬಣ್ಣ ಬಂದುಬಿಟ್ಟಿದೆ!” ಫೋನು ಸ್ಪೀಕರಿನಲ್ಲಿತ್ತು. ಅನಘಾ ತಟ್ಟೆಯಿಂದ ತಲೆಯೆತ್ತಿ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು:

“ಚಿಕ್ಕಮ್ಮ, ಅದು ನಾನು ಅಲ್ಲ. ಅಮ್ಮಂಗೆ ಬೇಕಾಗಿದ್ದ ಹುಡುಗಿ.”

ಮರುದಿನವೇ ಜಿಗ್ನೇಶ್‌ಭಾಯ್ ಜೊತೆ ಜಗಳವಾಡಿ ಆ ಲೇಯರನ್ನು ನಮ್ಮ ಕೆಲಸದಿಂದಲೇ ತೆಗೆಸಿದೆ. ಮೈಬಣ್ಣ ಎಷ್ಟಿರಬೇಕೆಂದು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ, ಹೇಳುವುದು ಮೌಸಿನ ಮೇಲಿರುವ ಕೈ ಎಂಬುದನ್ನು ಈ ಕಸುಬು ನನಗೆ ಕಲಿಸಿದ್ದು ಹೀಗೆ. ಈಗ ಹೊಸಬರಿಗೆ ಮೊದಲ ದಿನವೇ ಅದನ್ನು ಹೇಳುತ್ತೇನೆ.

ಅವರಿಗೆ ಹೇಳದೇ ಇರುವುದೂ ಒಂದಿದೆ. ಅನಘಾ ಅಂದಿನ ತಿದ್ದದ ಫೋಟೋವನ್ನು ತನ್ನ ವಾಟ್ಸಾಪಿನಲ್ಲಿ ಹಾಕಿಕೊಂಡಿದ್ದಾಳೆ. ಅದರಲ್ಲಿ ಬಾಯ್ತುಂಬ ನಗುತ್ತಿದ್ದಾಳೆ. ಅವಳು ಫೋನ್ ಮಾಡಿದಾಗಲೆಲ್ಲ ಆ ಫೋಟೋ ಮೂಡುತ್ತದೆ. ನನ್ನ ಕಣ್ಣು ಇವತ್ತಿಗೂ ಮೊದಲು ಹೋಗುವುದು ಬಣ್ಣದ ಕಡೆಗೆ, ಆಮೇಲೆ ನಗುವಿನ ಕಡೆಗೆ. ನಾಚಿಕೆಯಾಗುತ್ತದೆ.