ಹಂಡೆಗೆ ಬಂದ ನೀರು

ಕಳೆದ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆಯಾದರೂ ದಿಲ್ಲಿಯ ಲಕ್ಷ್ಮೀ ನಗರದ ನಮ್ಮ ನಲ್ಲಿ ಒಣಗಿಯೇ ಇತ್ತು. ಪ್ರತಿವರ್ಷ ದಸರೆಯ ಹೊತ್ತಿಗೆ ನಮಗೆ ನೀರು ತರುವ ಕಾಲುವೆ ಮುಚ್ಚಿ ಹೂಳು ತೆಗೆಯುತ್ತಾರೆ. ಆ ಸಲ ಮತ್ತೆ ನೀರು ಬಿಡುವುದು ತಡವಾಗಿತ್ತು. ಅತ್ತೆ ಹಂಡೆ ತೊಳೆದು, ಸುಣ್ಣದ ಗೆರೆ ಎಳೆದು ಕಾಯುತ್ತಿದ್ದರು.

“ಟ್ಯಾಂಕರ್ ನೀರು ಬೇಡ. ಹೊಸ ನೀರು ಬರದಿದ್ದರೆ ನಾಳೆ ನನಗೆ ಎಣ್ಣೆಸ್ನಾನವೂ ಬೇಡ,” ಎಂದರು.

ರಾಜ್ಯದ ಗಡಿಯಾಚೆ ಗಾಜಿಯಾಬಾದಿನಲ್ಲಿರುವ ಧಾರವಾಡದ ಗೆಳತಿಗೆ ಫೋನ್ ಮಾಡಿದೆ. ಅವರದು ಬೇರೆ ನಗರಪಾಲಿಕೆ. ಆದರೆ ಎರಡೂ ಊರು ಹಂಚಿಕೊಳ್ಳುವ ಕಾಲುವೆ ಒಂದೇ. ಯಾರಿಗೆ ಮೊದಲು ನೀರು ಬಂದರೂ ಇನ್ನೊಬ್ಬರಿಗೆ ತಿಳಿಸುವುದು ನಮ್ಮ ಹಳೆಯ ರೂಢಿ.

“ಈಗಷ್ಟ ಬಂತ್ರೀ ಅಕ್ಕಾ! ಹರಿದ್ವಾರದಾಗ ಬಿಟ್ಟ ಗಂಗಾ ನೀರು ಮುಟ್ಟೇತಿ. ಹಂಡೆ ತಯಾರ ಇಡ್ರಿ.”

ಸ್ಪೀಕರಿನಲ್ಲಿ ಕೇಳಿದ ಅತ್ತೆ ಬೆರಗಾದರು. ಮನೆಯಲ್ಲಿ ನಾವೆಲ್ಲ ಅದನ್ನು ಇಲ್ಲಿನವರಂತೆ ಬರೀ ‘ನಹರ್ ನೀರು’, ಅಂದರೆ ಕಾಲುವೆ ನೀರು, ಎನ್ನುತ್ತಿದ್ದೆವು.

“ದಿನಾ ಬರೋದು ಗಂಗೇನಾ? ಇಷ್ಟು ವರ್ಷ ದಿಲ್ಲಿ ನೀರು ಅಂತ ಬೈದೆನಲ್ಲೇ!”

ದೇವರ ಗೂಡಿನಲ್ಲಿ ಅವರು ಮುಟ್ಟದೆ ಕಾಪಾಡಿದ ಗಂಗೆಯ ಗಿಂಡಿ ಇತ್ತು. ಅಷ್ಟರಲ್ಲಿ ನಲ್ಲಿ ಗೊರಗುಟ್ಟಿತು. ಮಣ್ಣು ಬೆರೆತ ಮೊದಲ ಬಕೆಟನ್ನು ನಾನು ನೆಲ ಒರೆಸಲು ಎತ್ತಿದರೆ ಅತ್ತೆ ಕಿತ್ತುಕೊಂಡು ತುಳಸಿಗೆ ಹಾಕಿದರು. ಆಮೇಲೆ ತಿಳಿನೀರಿಗೆ ಎರಡೂ ಕೈ ಒಡ್ಡಿ ನಿಂತರು. ಬೆಟ್ಟದಿಂದ ಇಳಿದು, ಎಷ್ಟೋ ಊರು ದಾಟಿ, ಆ ನೀರು ನಮ್ಮ ಮೂರನೇ ಮಹಡಿಗೆ ಹತ್ತಿತ್ತು.

ಹಂಡೆ ತುಂಬಿದ್ದೇ ತಡ, ಅತ್ತೆ ಗದರಿದರು: “ನಲ್ಲಿ ನಿಲ್ಲಿಸೇ! ಆಚೆ ಊರಲ್ಲಿ ಅವಳ ಹಂಡೆಯೂ ತುಂಬಬೇಕಲ್ಲ.”