ಊಟ ಆದ್ಮೇಲೆ ಅಂದಿದ್ದು

ಬಾಗಲೂರು ರಸ್ತೆಯಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಏಳುತ್ತಿದ್ದಾಗ ನಾನು ಅಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಗೇಟಿನ ಬಳಿ ನಿಲ್ಲಿಸಿ, ಯಾರು ಎಲ್ಲಿ ಕೆಲಸ ಮಾಡಬೇಕು, ಯಾವ ಹೊತ್ತಿಗೆ ಯಾವ ಜಾಗ ಬಿಡಬೇಕು ಎಂದು ಹೇಳುವುದು ನನ್ನ ಹೊಣೆ. ಹೆಚ್ಚಿನವರು ಕಾಲು ಬದಲಿಸುತ್ತ ಬೇರೆಲ್ಲೋ ನೋಡುತ್ತಿದ್ದರು. ಗೋಡೆಗಳಿಗೆ ನೀರು ಹೊಡೆಯುತ್ತಿದ್ದ ಹೆಂಗಸೊಬ್ಬಳು ಮಾತ್ರ ಮುಂದೆ ಬಂದು ನಿಲ್ಲುತ್ತಿದ್ದಳು, ಅರ್ಥವಾಗದಿದ್ದರೆ ಮತ್ತೆ ಕೇಳುತ್ತಿದ್ದಳು. ಅವಳ ಗಂಡ ಅದೇ ಸೈಟಿನಲ್ಲಿ ಗಾರೆ ಕೆಲಸದವನು.

ಆ ದಿನ ಪೂರ್ವದ ಗೋಡೆಗೆ ಕಟ್ಟಿದ್ದ ಕಬ್ಬಿಣದ ಪೈಪುಗಳ ಸಾರವೆ ಬಿಚ್ಚಬೇಕಿತ್ತು.

"ಊಟ ಆದ್ಮೇಲೆ ಬಿಚ್ತಾರೆ. ಆಗ ಆ ಕಡೆ ಯಾರೂ ಹೋಗ್ಬಾರ್ದು," ಎಂದೆ.

"ಅಂಗಾದ್ರೆ ಅಲ್ಲಿ ನೀರು ಹೊಡೆಯೋದು ಬೆಳಗ್ಗೇನೇ ಮುಗಿಸ್ಬಿಡ್ತೀನಿ ಸಾ," ಎಂದಳು ಅವಳು.

"ಹ್ಞೂಂ, ಮುಗಿಸ್ಬಿಡಮ್ಮ."

ಹನ್ನೊಂದರ ಸುಮಾರಿಗೆ ಸಿಮೆಂಟ್ ಲಾರಿ ಗೇಟಿನಲ್ಲಿ ಸಿಕ್ಕಿಕೊಂಡಿತು. ರಸ್ತೆಯ ತುಂಬ ಹಾರ್ನ್, ನನ್ನ ಕಿವಿಯಲ್ಲಿ ಫೋನ್. ಸಾರವೆ ಬಿಚ್ಚುವವನೊಬ್ಬ ಓಡಿ ಬಂದ. "ಸಾರ್, ಮಧ್ಯಾಹ್ನ ಯಲಹಂಕದಲ್ಲಿ ಇನ್ನೊಂದ್ ಕೆಲ್ಸ ಇದೆ. ಈಗ್ಲೇ ಬಿಚ್ಚೋಣ್ವಾ?" ಫೋನಿನಲ್ಲಿ ಮಾತಾಡುತ್ತಲೇ ಆಗಲಿ ಎಂದು ಕೈಯಾಡಿಸಿದೆ. ಅವಳು ಆ ಗೋಡೆಯ ಕೆಳಗೇ ಇದ್ದಾಳೆಂಬುದು ನನ್ನ ತಲೆಗೆ ಬರಲೇ ಇಲ್ಲ.

ಮೂರನೇ ಮಹಡಿಯಿಂದ ಅವನ ಕೈಯ ಪೈಪ್ ಜಾರಿತು. ಅವಳು ಹೆಲ್ಮೆಟ್ ಹಾಕಿದ್ದಳು. ಪೈಪ್ ಬಿದ್ದದ್ದು ಕುತ್ತಿಗೆಗೆ. ಹೆಬ್ಬಾಳ ಫ್ಲೈಓವರ್ ದಾಟುವಷ್ಟರಲ್ಲಿ, ಆಸ್ಪತ್ರೆಗೆ ಹೊರಟ ಕಾರಿನಲ್ಲಿ ಗಂಡನ ತೊಡೆಯ ಮೇಲೆ, ಅವಳ ಉಸಿರು ನಿಂತಿತು. ಅವನು ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಿಜವಾಗಿಯೂ ತಿಳಿಯದವನಂತೆ ಕೇಳಿದ: "ಊಟ ಆದ್ಮೇಲೆ ಅಂದಿದ್ರಲ್ಲ ಸಾ?"

"ಅವ್ಳೇ ಯಾರಿಗೂ ಹೇಳ್ದೆ ಹೋಗಿದ್ಲು ಅಂತ ಬರೆಸ್ಬಿಡು ಗುರು, ನಿನಗೂ ಒಳ್ಳೇದು," ಎಂದರು ಕಂಟ್ರಾಕ್ಟರ್. ನಾನು ಪೊಲೀಸರಿಗೆ ಇದ್ದದ್ದನ್ನೇ ಹೇಳಿದೆ. ಕೆಲಸ ಹೋಯಿತು. ಕೇಸು ಇನ್ನೂ ನಡೆಯುತ್ತಿದೆ. ಈಗ ಸೋಲದೇವನಹಳ್ಳಿಯ ಚಿಕ್ಕ ಸೈಟೊಂದರಲ್ಲಿದ್ದೇನೆ. ಮಧ್ಯೆ ಏನೇ ಬದಲಾಗಲಿ, ಎಲ್ಲರನ್ನೂ ಕೆಳಗಿಳಿಸಿ, ಮತ್ತೆ ಹೇಳಿ, ಆಮೇಲೇ ಕೆಲಸ. "ಇವ್ರದೊಂದು ಗೋಳು ಕಣೋ," ಎಂದು ಕೆಲಸದವರು ಗೊಣಗುತ್ತಾರೆ. ಗೊಣಗಲಿ.

ಪೊಲೀಸರೆದುರು ಬಾಯಿ ಬಿಟ್ಟ ನನಗೆ ಅವಳ ಮನೆಗೆ ಹೋಗಲು ಮೂರು ತಿಂಗಳು ಬೇಕಾಯಿತು. ಗಂಡ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ.

"ತಪ್ಪು ನಂದೇ," ಎಂದೆ.

"ಗೊತ್ತು ಸಾ."

ಬಟ್ಟೆಗೆ ಸೋಪು ಉಜ್ಜುತ್ತಲೇ ಹೇಳಿದ: "ಪೈಪ್ ಬಿಟ್ಟೋನು ಮಾರನೇ ದಿನಾನೇ ಬಂದಿದ್ದ. ಈ ಬಾಗ್ಲಲ್ಲೇ ಕುಸಿದು ಅತ್ತ. ನೀವೂ ಬರ್ತೀರಾ ಅಂತ ಕಾಯ್ತಿದ್ದೆ."

ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮಗಳ ಯೂನಿಫಾರ್ಮ್ ಹಿಂಡಿ, ಕೊಡವಿ, ತಂತಿಗೆ ಹರವತೊಡಗಿದ.